ಖೇತ್ರಿಯ ತಾಮ್ರವನ್ನು ಮೊದಲು ಕಂಡವರು

ಖೇತ್ರಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ವಿವೇಕಾನಂದರು. 1893ರಲ್ಲಿ ಅವರ ಅಮೆರಿಕ ಯಾತ್ರೆಗೆ ನೆರವಾದ ರಾಜಾ ಅಜಿತ್ ಸಿಂಗ್ ಅಲ್ಲಿನ ದೊರೆ. ಆದರೆ ದೆಹಲಿಯ ನೈಋತ್ಯಕ್ಕೆ, ರಾಜಸ್ಥಾನದ ಝುಂಝುನು ಜಿಲ್ಲೆಯಲ್ಲಿರುವ ಈ ಸೀಮೆಗೆ ರಾಜರಿಗಿಂತ ಬಹಳ ಹಳೆಯ ಚರಿತ್ರೆಯೊಂದಿದೆ. ಅದು ತಾಮ್ರದ್ದು.

ಇಲ್ಲಿನ ಅರಾವಳಿ ಬೆಟ್ಟಗಳಲ್ಲಿ, ಉತ್ತರದ ಸಿಂಘಾನಾದಿಂದ ದಕ್ಷಿಣದ ರಘುನಾಥಗಢದವರೆಗೆ, ಸುಮಾರು 80 ಕಿ.ಮೀ. ಉದ್ದಕ್ಕೆ ತಾಮ್ರದ ಪಟ್ಟಿ ಹಾದುಹೋಗುತ್ತದೆ. ಆಳದಲ್ಲಿ ತಾಮ್ರವು ಕಬ್ಬಿಣ, ಗಂಧಕಗಳೊಡನೆ ಬೆರೆತು ಚಾಲ್ಕೊಪೈರೈಟ್ ಎಂಬ ಹಿತ್ತಾಳೆ ಬಣ್ಣದ ಖನಿಜವಾಗಿದೆ. ಅದಿರು ನೆಲದ ಮೇಲೆ ತಲೆಯೆತ್ತಿದಲ್ಲಿ ಗಾಳಿ, ಮಳೆನೀರು ತಾಗಿ ರೂಪ ಬದಲಿಸುತ್ತದೆ. ಕಬ್ಬಿಣ ತುಕ್ಕು ಹಿಡಿದು ಬಂಡೆಯ ಮೇಲೆ ಕೆಂಗಂದು ಟೊಪ್ಪಿಗೆಯಂತೆ ಉಳಿದರೆ, ತಾಮ್ರ ಹಸಿರು, ನೀಲಿ ಕಲೆಗಳಾಗಿ ಹೊರಬೀಳುತ್ತದೆ.

ಈ ಕಲೆಗಳನ್ನು ಓದಬಲ್ಲವರು ಬಹಳ ಹಿಂದೆಯೇ ಇದ್ದರು. ಪಕ್ಕದ ಸೀಕರ್ ಕಡೆಯ ಗಣೇಶ್ವರದಲ್ಲಿ 1970ರ ದಶಕದಲ್ಲಿ ಉತ್ಖನನ ನಡೆದಾಗ ಬಾಣದ ಮೊನೆ, ಮೀನುಗಾಳ, ಕೊಡಲಿ ಹೀಗೆ ನೂರಾರು ತಾಮ್ರದ ವಸ್ತುಗಳು ಸಿಕ್ಕವು. ಅವು ಕ್ರಿ.ಪೂ. ಮೂರನೆಯ ಸಹಸ್ರಮಾನದವು. ಮುಂದೆ ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲೂ ಸಿಂಘಾನಾದ ತಾಮ್ರದ ಗಣಿಯ ಪ್ರಸ್ತಾಪ ಬರುತ್ತದೆ.

ಸ್ವಾತಂತ್ರ್ಯದ ನಂತರ ಭೂವಿಜ್ಞಾನಿಗಳು ಈ ಬೆಟ್ಟಗಳಿಗೆ ಬಂದಾಗ ಅವರಿಗೆ ದಾರಿ ತೋರಿಸಿದ್ದು ಹಳಬರು ತೋಡಿದ ಗುಂಡಿಗಳು ಮತ್ತು ಕುಲುಮೆಗಳು ಉಗುಳಿದ ಕಿಟ್ಟದ ರಾಶಿಗಳು. ಕೊರೆಯುವ ಯಂತ್ರಗಳು ಮಾಡಿದ್ದು ಮುಂದಿನ ಕೆಲಸ: ಅದಿರು ಎಷ್ಟು ಆಳಕ್ಕಿದೆ, ಎಷ್ಟು ದಪ್ಪವಿದೆ, ತೆಗೆದರೆ ಗಿಟ್ಟುತ್ತದೆಯೇ ಎಂಬ ಲೆಕ್ಕ. 1967ರಲ್ಲಿ ಹಿಂದೂಸ್ತಾನ್ ಕಾಪರ್ ಸ್ಥಾಪನೆಯಾಯಿತು. ಖೇತ್ರಿ, ಕೊಲಿಹಾನ್ ಗಣಿಗಳು ಅದರ ಪಾಲಿಗೆ ಬಂದವು. ನಮ್ಮ ಚಿತ್ರದುರ್ಗದ ಇಂಗಳದಾಳಿನ ಕಥೆಯೂ ಬೇರೆಯಲ್ಲ. ಅಲ್ಲೂ ಹೊಸ ಗಣಿಗೆ ಮೊದಲು ಹಳೆಯ ಗುಂಡಿಗಳಿದ್ದವು.

ದಾಖಲೆಗಳಲ್ಲಿ ದೊರೆಯ ಹೆಸರಿದೆ, ಕಂಪನಿಯ ಹೆಸರಿದೆ. ಗುಂಡಿಗಿಳಿದು ಕಲ್ಲು ಒಡೆದವರ, ಕುಲುಮೆಗೆ ತಿದಿಯೊತ್ತಿದವರ ಹೆಸರು ಎಲ್ಲೂ ಇಲ್ಲ. ಅವರು ಬಿಟ್ಟುಹೋದ ಕಡತವೆಂದರೆ ಆ ಗುಂಡಿ ಮತ್ತು ಕಿಟ್ಟ ಮಾತ್ರ. ಹೊಸ ಗಣಿಗಾರಿಕೆ ಶುರುವಾದರೆ ಮೊದಲು ಅಳಿಯುವುದೂ ಅವೇ, ಏಕೆಂದರೆ ಅದಿರು ಇರುವುದು ಅಲ್ಲೇ. ಕಿಟ್ಟದೊಳಗೆ ಸಿಕ್ಕಿಕೊಂಡ ಇದ್ದಿಲಿನ ಚೂರೊಂದು ಸಾಕು, ಕುಲುಮೆ ಉರಿದ ಕಾಲವನ್ನು ಪ್ರಯೋಗಾಲಯ ಹೇಳಬಲ್ಲದು. ಹಾಗಾಗಿ ತಾಮ್ರಕ್ಕಾಗಿ ಬೆಟ್ಟ ಅಗೆಯುವ ಮುನ್ನ ಹಳೆಯ ಗುಂಡಿಗಳನ್ನು ಅಳೆದು ನಕ್ಷೆ ಮಾಡುವುದು, ಕಿಟ್ಟದ ಮಾದರಿ ತೆಗೆದಿಡುವುದು ಪರಿಶೋಧನೆಯ ಭಾಗವೇ ಆಗಬೇಕು.