ಡೂಪ್ಲಿಕೇಟ್ ಫೈಲ್‌ಗಳನ್ನು ‘ಒಂದೇ ಕ್ಲಿಕ್‌ಗೆ’ ಅಳಿಸಬಹುದೇ? ಉಚಿತ ತಂತ್ರಾಂಶಗಳು ಮಾಡುವುದೇನು, ಮಾಡದಿರುವುದೇನು

“ಕಂಪ್ಯೂಟರ್ ನಿಧಾನವಾಗಿದೆಯೇ? ಈ ಸಾಫ್ಟ್‌ವೇರ್ ಹಾಕಿಕೊಳ್ಳಿ, ಒಂದೇ ಕ್ಲಿಕ್‌ಗೆ ಡೂಪ್ಲಿಕೇಟ್ ಫೈಲ್‌ಗಳೆಲ್ಲ ಮಾಯ!” ಇಂಥ ಸಂದೇಶ ನಿಮ್ಮ ಗುಂಪುಗಳಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಒಂದೇ ಫೈಲಿನ ಹಲವು ಪ್ರತಿಗಳನ್ನು ಹುಡುಕಿಕೊಡುವ ಒಳ್ಳೆಯ ತಂತ್ರಾಂಶಗಳು ಇವೆ, ಅವಕ್ಕೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಆದರೆ ‘ಒಂದೇ ಕ್ಲಿಕ್‌ಗೆ’ ಎಂಬ ಮಾತನ್ನು ನಂಬಿದರೆ ಬೇಕಾದ ಫೋಟೊಗಳೂ ಹೋಗುತ್ತವೆ. ನಮ್ಮ ತಂಡದಲ್ಲೇ ಒಬ್ಬರಿಗೆ ಹಾಗಾಯಿತು, ಅದನ್ನು ಮುಂದೆ ಹೇಳುತ್ತೇವೆ.

ಮೊದಲು ನಿಧಾನದ ವಿಚಾರ. ಒಂದು ಫೋಟೊದ ನಾಲ್ಕು ಪ್ರತಿ ಇದ್ದ ಮಾತ್ರಕ್ಕೆ ಕಂಪ್ಯೂಟರ್ ನಿಧಾನವಾಗುವುದಿಲ್ಲ. ಡಿಸ್ಕ್ ಬಹುತೇಕ ತುಂಬಿಹೋದಾಗ ತೊಂದರೆ ಶುರುವಾಗುತ್ತದೆ. ಜಾಗ ಸಾಕಷ್ಟು ಖಾಲಿ ಇದ್ದರೆ ಪ್ರತಿಗಳನ್ನು ಅಳಿಸಿ ವೇಗ ಹೆಚ್ಚಿಸುತ್ತೇವೆ ಎನ್ನುವುದು ವ್ಯರ್ಥ ಶ್ರಮ.

ಈ ಪ್ರತಿಗಳು ಸೇರಿಕೊಳ್ಳುವುದು ಬಹುಪಾಲು ನಮ್ಮ ಕೈಯಿಂದಲೇ. ಫೋನ್ ತುಂಬಿತೆಂದು ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತೇವೆ. ಆರು ತಿಂಗಳ ಬಳಿಕ, ಹಿಂದೆ ಎಲ್ಲಿಯವರೆಗೆ ಹಾಕಿದ್ದೆವೆಂದು ನೆನಪಿಲ್ಲದೆ, ಮತ್ತೆ ಎಲ್ಲವನ್ನೂ ಹಾಕುತ್ತೇವೆ. ಒಂದೇ ಪಿಡಿಎಫ್ ಅನ್ನು ಎರಡು ಸಲ ಡೌನ್‌ಲೋಡ್ ಮಾಡಿದರೆ ಹೆಸರಿನ ಮುಂದೆ ಆವರಣದಲ್ಲಿ ‘1’ ಸೇರಿಸಿಕೊಂಡು ಇನ್ನೊಂದು ಕೂರುತ್ತದೆ.

ಹೆಸರು ನೋಡುವುದಿಲ್ಲ, ಒಳಗಿರುವುದನ್ನು ನೋಡುತ್ತದೆ

ಹೆಸರು ಒಂದೇ ಆದರೆ ಫೈಲ್ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ. ಇದು ಎರಡೂ ಕಡೆ ತಪ್ಪು. ‘ಬಯೋಡೇಟಾ’ ಎಂಬ ಒಂದೇ ಹೆಸರಿನ ಎರಡು ಫೈಲ್‌ಗಳಲ್ಲಿ ಒಂದು ಹೋದ ವರ್ಷದ್ದಿರಬಹುದು, ಒಂದು ನಿನ್ನೆ ತಿದ್ದಿದ್ದಿರಬಹುದು. ಅತ್ತ ಒಂದೇ ಫೋಟೊ ಎರಡು ಬೇರೆ ಹೆಸರಿನಲ್ಲಿ ಇರಬಹುದು. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ತಾನು ಉಳಿಸಿದ ಚಿತ್ರಕ್ಕೆ ದಿನಾಂಕ ಮತ್ತು ಕ್ರಮಸಂಖ್ಯೆ ಸೇರಿಸಿ ಹೆಸರಿಡುತ್ತದೆ. ಚಿತ್ರದ ಮೂಲ ಹೆಸರು ಅಲ್ಲಿಗೆ ಮುಗಿಯಿತು.

ಹಾಗಾಗಿ ಒಳ್ಳೆಯ ತಂತ್ರಾಂಶ ಮೊದಲು ಫೈಲ್‌ಗಳ ಗಾತ್ರವನ್ನು ಹೋಲಿಸುತ್ತದೆ. ಗಾತ್ರದಲ್ಲಿ ಒಂದು ಬೈಟ್ ವ್ಯತ್ಯಾಸವಿದ್ದರೂ ಅವು ಒಂದೇ ಆಗಿರಲು ಸಾಧ್ಯವಿಲ್ಲ, ಅವುಗಳನ್ನು ತೆರೆದು ಓದುವ ಅಗತ್ಯವೇ ಇಲ್ಲ. ಗಾತ್ರ ಒಂದೇ ಆಗಿರುವ ಫೈಲ್‌ಗಳನ್ನು ಮಾತ್ರ ಓದಿ, ಪ್ರತಿಯೊಂದರಿಂದಲೂ ಒಂದು ಗುರುತು ಲೆಕ್ಕ ಹಾಕುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ, ಫೈಲಿನ ಬೆರಳಚ್ಚು ಎಂದುಕೊಳ್ಳಿ. ಫೈಲ್ ಎಷ್ಟೇ ದೊಡ್ಡದಿರಲಿ, ಎಂಡಿ5 ವಿಧಾನದಲ್ಲಿ ಈ ಗುರುತು 32 ಅಕ್ಷರ-ಅಂಕಿಗಳಷ್ಟು, ಎಸ್‌ಎಚ್‌ಎ-256ರಲ್ಲಿ 64ರಷ್ಟು ಉದ್ದ. ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ.

ಬೇರೆ ಬೇರೆ ಫೈಲ್‌ಗಳಿಗೆ ಒಂದೇ ಹ್ಯಾಶ್ ಬರಬಹುದೇ? ಬೇಕೆಂದೇ ಬರಿಸಿದ್ದಾರೆ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯ ಸಂಶೋಧಕರು ಎಸ್‌ಎಚ್‌ಎ-1 ವಿಧಾನದಲ್ಲಿ ಒಂದೇ ಗುರುತು ಬರುವ ಎರಡು ಬೇರೆ ಪಿಡಿಎಫ್‌ಗಳನ್ನು ತಯಾರಿಸಿ ತೋರಿಸಿದರು. ಅದಕ್ಕೆ ಅಪಾರ ಲೆಕ್ಕಾಚಾರ ಬೇಕಾಯಿತು. ನಿಮ್ಮ ಮದುವೆ ಫೋಟೊಗಳಲ್ಲಿ ಅದು ತಾನಾಗಿ ಆಗುತ್ತದೆಂದು ಹೆದರಬೇಕಿಲ್ಲ. ಲಿನಕ್ಸ್‌ನ ‘ಎಫ್‌ಡ್ಯೂಪ್ಸ್’ನಂಥ ತಂತ್ರಾಂಶ ಆ ಸಣ್ಣ ಅನುಮಾನವನ್ನೂ ಬಿಡದೆ ಕೊನೆಗೆ ಎರಡೂ ಫೈಲ್‌ಗಳನ್ನು ಬೈಟ್ ಬೈಟ್ ಹೋಲಿಸಿ ನೋಡುತ್ತದೆ.

‘ಒಂದೇ’ ಬೇರೆ, ‘ಒಂದೇ ಥರ’ ಬೇರೆ

ಫಾರ್ವರ್ಡ್‌ಗಳ ವಿಷಯದಲ್ಲಿ ಈ ಬೆರಳಚ್ಚು ಸೋಲುತ್ತದೆ. ಫೋಟೊ ಕಳಿಸುವಾಗ ವಾಟ್ಸಾಪ್ ಸಾಮಾನ್ಯವಾಗಿ ಅದನ್ನು ಕುಗ್ಗಿಸುತ್ತದೆ. ನಿಮ್ಮ ಕ್ಯಾಮೆರಾದ ಮೂಲ ಫೋಟೊ ಮತ್ತು ಅತ್ತೆಯ ಫೋನಿಗೆ ಹೋಗಿ ಮರಳಿ ಬಂದ ಫೋಟೊ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ.

ಇದಕ್ಕೆ ಇನ್ನೊಂದು ಉಪಾಯವಿದೆ. ಚಿತ್ರವನ್ನು 9 ಕಂಬಸಾಲು, 8 ಅಡ್ಡಸಾಲುಗಳ ಕಪ್ಪು-ಬಿಳುಪು ಚಿತ್ರವಾಗಿ ಕುಗ್ಗಿಸುತ್ತಾರೆ. ಪ್ರತಿ ಅಡ್ಡಸಾಲಿನಲ್ಲೂ ಒಂದು ಚುಕ್ಕಿ ಪಕ್ಕದ್ದಕ್ಕಿಂತ ಬೆಳ್ಳಗಿದೆಯೋ ಕಪ್ಪಗಿದೆಯೋ ಎಂದು ಕೇಳುತ್ತಾ ಹೋಗುತ್ತಾರೆ. ಒಟ್ಟು 64 ‘ಹೌದು-ಇಲ್ಲ’ಗಳ ಸರಣಿ ಸಿಗುತ್ತದೆ. ಎರಡು ಚಿತ್ರಗಳ ಸರಣಿಯಲ್ಲಿ ಎರಡು-ಮೂರು ಕಡೆ ಮಾತ್ರ ವ್ಯತ್ಯಾಸವಿದ್ದರೆ ‘ಬಹುಶಃ ಒಂದೇ ಚಿತ್ರ’ ಎನ್ನುತ್ತದೆ ತಂತ್ರಾಂಶ. ಹಳೆಯ ಪ್ರವಾಹದ ಫೋಟೊಗೆ ಹೊಸ ಊರಿನ ಹೆಸರು ಅಂಟಿಸಿ ಹರಿಬಿಟ್ಟಾಗ ಅದರ ಮೂಲ ಹುಡುಕುವುದಕ್ಕೂ ಇಂಥದ್ದೇ ಹೋಲಿಕೆ ನೆರವಾಗುತ್ತದೆ.

ಈ ‘ಬಹುಶಃ’ವನ್ನು ಗಮನಿಸದೆ ನಮ್ಮ ಸಹೋದ್ಯೋಗಿ ಕೈ ಸುಟ್ಟುಕೊಂಡರು. ಪೆನ್ ಡ್ರೈವಿನಲ್ಲಿದ್ದ ಮನೆಯ ಫೋಟೊಗಳಲ್ಲಿ ಒಂದೇ ಥರದವನ್ನು ಹುಡುಕಿಸಿ, ಪ್ರತಿ ಗುಂಪಿನಲ್ಲಿ ದೊಡ್ಡ ಫೈಲನ್ನು ಉಳಿಸಿ ಮಿಕ್ಕವನ್ನು ಅಳಿಸಿಬಿಟ್ಟರು. ಜಗಲಿಯಲ್ಲಿ ಕೂತ ಅಜ್ಜಿಯ ಆರು ಫೋಟೊಗಳೂ ಒಂದೇ ಗುಂಪಿಗೆ ಸೇರಿದ್ದವು. ಉಳಿದ ಫೋಟೊದಲ್ಲಿ ಅಜ್ಜಿ ಮುಖ ಪಕ್ಕಕ್ಕೆ ತಿರುಗಿಸಿದ್ದರು, ನಗುತ್ತಿದ್ದದ್ದು ಹೋಗಿತ್ತು. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ. ಪೆನ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಕೊನೆಗೆ ಸಿಕ್ಕಿದ್ದು ಹಿಂದೊಮ್ಮೆ ಕುಟುಂಬದ ಗುಂಪಿಗೆ ಹಾಕಿದ್ದ ಕುಗ್ಗಿದ ಪ್ರತಿ. ‘ಬೇಡದ ಡೂಪ್ಲಿಕೇಟ್’ ಎಂದು ಅವರು ಮೊದಲು ಅಳಿಸುತ್ತಿದ್ದುದೇ ಅಂಥವನ್ನು.

ಯಾವ ತಂತ್ರಾಂಶ?

ನಾವು ಬಳಸುವುದು ಎರಡು. ಒಂದು ‘ಡ್ಯೂಪ್‌ಗುರು’. ಇನ್ನೊಂದು ‘ಚ್ಕಾವ್ಕಾ’, ಪೋಲಿಷ್ ಭಾಷೆಯಲ್ಲಿ ಹಾಗೆಂದರೆ ಬಿಕ್ಕಳಿಕೆ! ಹುಡುಕುವಾಗ ಸಿ-ಜೆಡ್-ಕೆ-ಎ-ಡಬ್ಲ್ಯು-ಕೆ-ಎ ಎಂದು ಬರೆಯಿರಿ. ಎರಡೂ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಓಡುತ್ತವೆ. ಇವು ಮುಕ್ತ ತಂತ್ರಾಂಶಗಳು, ಅಂದರೆ ಬೆಲೆಯಿಲ್ಲ ಮಾತ್ರವಲ್ಲ, ಒಳಗಿನ ಕೋಡ್ ಅನ್ನು ಯಾರು ಬೇಕಾದರೂ ಓದಿ ನೋಡಬಹುದು. ಜಾಹೀರಾತಿನ ‘ಉಚಿತ’ಗಳ ಕಥೆ ಬೇರೆ. ಎಷ್ಟೋ ಸಲ ಸಾವಿರಾರು ಡೂಪ್ಲಿಕೇಟ್ ಇದೆಯೆಂದು ಹೆದರಿಸುವವರೆಗೆ ಉಚಿತ, ಅಳಿಸಲು ಹೋದರೆ ಹಣ ಕೇಳುತ್ತವೆ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ, ಆಯಾ ಯೋಜನೆಯ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ.

ಮೊದಲ ಸಲ ಒಂದೇ ಫೋಲ್ಡರ್ ಸಾಕು, ಫೋಟೊಗಳದ್ದೋ ಡೌನ್‌ಲೋಡ್‌ನದ್ದೋ. ಹೋಲಿಕೆ ‘ಕಂಟೆಂಟ್ಸ್’ ಅಥವಾ ಹ್ಯಾಶ್ ಆಧಾರದ್ದಾಗಿರಲಿ. ಯಾವ ಫೋಲ್ಡರನ್ನು ಮುಟ್ಟಬಾರದೋ ಅದನ್ನು ‘ರೆಫರೆನ್ಸ್’ ಎಂದು ಗುರುತು ಮಾಡುವ ಸೌಲಭ್ಯ ಎರಡರಲ್ಲೂ ಇದೆ. ಹೋಲಿಕೆಗೆ ಅದು ಸೇರುತ್ತದೆ, ಅಳಿಸುವುದಕ್ಕೆ ಸೇರುವುದಿಲ್ಲ. ಈ ಒಂದು ಗುರುತೇ ಬಹಳಷ್ಟು ಅನಾಹುತ ತಪ್ಪಿಸುತ್ತದೆ. ‘ಒಂದೇ ಥರ’ದ ಫೋಟೊಗಳನ್ನಾದರೆ ಒಂದೊಂದನ್ನೂ ತೆರೆದು ನೋಡದೆ ಅಳಿಸಲೇಬೇಡಿ.

ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್‌ಗಳ ಫೋಲ್ಡರಿಗೆ ಕೈ ಹಾಕಬೇಡಿ. ಒಂದೇ ಫೈಲ್ ಹಲವು ಪ್ರೋಗ್ರಾಂಗಳಿಗೆ ತಂತಮ್ಮ ಜಾಗದಲ್ಲೇ ಬೇಕಾಗಿರುತ್ತದೆ. ಬ್ಯಾಕಪ್ ಎಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದನ್ನೂ ಬಿಟ್ಟುಬಿಡಿ. ತಂತ್ರಾಂಶದ ಲೆಕ್ಕದಲ್ಲಿ ಅದೂ ಡೂಪ್ಲಿಕೇಟೇ, ಆದರೆ ನೀವು ಬೇಕೆಂದೇ ಇಟ್ಟುಕೊಂಡಿದ್ದು. ಇನ್ನು ಗೂಗಲ್ ಡ್ರೈವ್, ಒನ್‌ಡ್ರೈವ್‌ಗೆ ಸಿಂಕ್ ಆಗುವ ಫೋಲ್ಡರಿನಲ್ಲಿ ಅಳಿಸಿದರೆ ಕ್ಲೌಡ್‌ನಲ್ಲಿಯೂ ಅಳಿಯುತ್ತದೆ. ‘ಹೇಗೂ ಕ್ಲೌಡ್‌ನಲ್ಲಿ ಇದೆಯಲ್ಲ’ ಎಂದು ಅಳಿಸುವವರು ಇಲ್ಲಿ ಎಡವುತ್ತಾರೆ.

ಫೋನಿನಲ್ಲೇ ಮಾಡಬೇಕೆ?

ಕೇಬಲ್ ಹಾಕಿ ಜೋಡಿಸಿದ ಆಂಡ್ರಾಯ್ಡ್ ಫೋನ್ ವಿಂಡೋಸ್‌ಗೆ ಮಾಮೂಲಿ ಡ್ರೈವ್‌ನಂತೆ ಕಾಣುವುದಿಲ್ಲ, ಹಾಗಾಗಿ ಈ ತಂತ್ರಾಂಶಗಳು ಅದರೊಳಗೆ ನೇರವಾಗಿ ಹುಡುಕಲಾರವು. ಫೋನಿಗೆ ಗೂಗಲ್‌ನ ‘ಫೈಲ್ಸ್’ ಆ್ಯಪ್ ಸಾಕು, ಅದರ ಕ್ಲೀನ್ ವಿಭಾಗ ಡೂಪ್ಲಿಕೇಟ್‌ಗಳನ್ನು ತೋರಿಸುತ್ತದೆ. ಐಫೋನಿನಲ್ಲಿ 2022ರ ಐಓಎಸ್ 16ರಿಂದ ಫೋಟೊಸ್ ಆ್ಯಪ್‌ನಲ್ಲೇ ಇದಕ್ಕೊಂದು ಆಲ್ಬಂ ಇದೆ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ ಹಲವು ಬಾರಿ ಫಾರ್ವರ್ಡ್ ಆದವು ಒಂದೇ ಕಡೆ ಸಿಗುತ್ತವೆ. ನಮ್ಮ ಅನುಭವದಲ್ಲಿ ಹೆಚ್ಚು ಜಾಗ ಬಿಡುಗಡೆಯಾಗುವುದು ಅಲ್ಲಿಂದಲೇ.

ಕಂಪ್ಯೂಟರಿನಲ್ಲಿ ಅಳಿಸುವಾಗ ನೇರ ಡಿಲೀಟ್ ಬದಲು ರಿಸೈಕಲ್ ಬಿನ್‌ಗೆ ಕಳಿಸುವ ಆಯ್ಕೆ ಇಟ್ಟುಕೊಳ್ಳಿ. ಅದನ್ನು ಖಾಲಿ ಮಾಡುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ, ಅಳಿಸಿದರೂ ಡಿಸ್ಕ್ ತುಂಬಿಯೇ ಇದೆ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ. ಒಂದೆರಡು ವಾರ ಹಾಗೇ ಬಿಟ್ಟು, ಮನೆಯವರು ಯಾರೂ ‘ಆ ಫೋಟೊ ಎಲ್ಲಿ?’ ಎಂದು ಕೇಳದಿದ್ದರೆ ಆಮೇಲೆ ಖಾಲಿ ಮಾಡಿ.