ಯಾವುದರ ಹೆಗ್ಗಡೆ?

ಜೆ.ಪಿ. ನಗರದ ನಮ್ಮ ಮಹಡಿಮನೆಯ ಹುಡುಗ ಬನ್ನೇರುಘಟ್ಟ ರಸ್ತೆಯ ಕಚೇರಿಯಲ್ಲಿ ಕೂತು ಪರದೇಶದ ಬ್ಯಾಂಕೊಂದರ ಮೇನ್‌ಫ್ರೇಮ್ ಕಾಯುವವನು. ಮೊನ್ನೆ ರಾತ್ರಿಪಾಳಿ ಮುಗಿಸಿ ಕಾಫಿಗೆ ಬಂದವನೇ, “ಸೂಪರ್‌ಯೂಸರ್‌ಗೆ ಕನ್ನಡದಲ್ಲಿ ಏನಂತಾರೆ ಸಾರ್?” ಎಂದ. “ಹೆಗ್ಗಡೆ” ಎಂದೆ, ಅರ್ಧ ತಮಾಷೆಗೆ.

ಪದದ ಹುಚ್ಚು ಹತ್ತಿದ ನಮಗೆಲ್ಲ ಗೊತ್ತಿರುವುದೇ: ಹೆಬ್ಬಾಗಿಲು, ಹೆಮ್ಮರ, ಹೆದ್ದಾರಿಗಳ ತಲೆಯಲ್ಲಿ ಕೂತ ‘ಹೆ’ ಹಳಗನ್ನಡದ ‘ಪೆರ್’, ಹಿರಿದೆಂಬರ್ಥದ್ದು. ಶಾಸನಗಳ ಪೆರ್ಗಡೆ, ಕೆಲವೆಡೆ ಪೆರ್ಗ್ಗಡೆ, ಪಕಾರ ಹಕಾರವಾಗಿ ರೇಫ ಗಕಾರದಲ್ಲಿ ಕರಗಿ ಹೆಗ್ಗಡೆಯಾಯಿತು. ಕುವೆಂಪು 1936ರಲ್ಲಿ ಕಾನೂರಿನಲ್ಲಿ ಕೂರಿಸಿದ ಹೆಗ್ಗಡಿತಿಯಾಯಿತು. ಧರ್ಮಸ್ಥಳದಲ್ಲಿ ಇಂದಿಗೂ ಪಟ್ಟದ ಹೆಸರಾಗಿ ಉಳಿದು, ಮಿಕ್ಕ ಕಡೆ ಹೆಗಡೆ, ಹೆಗ್ಡೆ ಎಂದು ಬರೀ ಮನೆತನದ ಗುರುತಾಗಿ ಸವೆಯಿತು.

ನನಗೆ ರುಚಿಸುವುದು ಅದರ ಹಳೆಯ ನಡೆ. ಶಾಸನಗಳಲ್ಲಿ ಈ ‘ಹಿರಿಯ’ನ ಮುಂದೆ ಎಷ್ಟೋ ಸಲ ಒಂದು ಬೇಲಿ ಕಾಣುತ್ತದೆ: ಅರಮನೆಯ ಒಳಾಡಳಿತಕ್ಕೆ ಮನೆವೆರ್ಗಡೆ, ಸುಂಕಕ್ಕೆ ಸುಂಕವೆರ್ಗಡೆ. ಸಂಧಿವಿಗ್ರಹದಂಥ ಘನಕಾರ್ಯದಲ್ಲೂ ಕನ್ನಡ ಸಾಂಧಿವಿಗ್ರಹಿಯೇ ಬೇರೆ, ಲಾಳದೇಶದವನೇ ಬೇರೆ. ಸಮಾಸದಲ್ಲಿ ಪಕಾರ ವಕಾರವಾಗಿ ಮೆತ್ತಗಾಗುವುದು ಆದೇಶಸಂಧಿ. ಜೊತೆಗೆ ಹಿರಿತನವೂ ಮೆತ್ತಗಾಯಿತು ಎನ್ನುವುದು ವ್ಯಾಕರಣವಲ್ಲ, ನನ್ನ ಚಪಲ.

ಇದನ್ನೆಲ್ಲ ಕೇಳಿ “ನಮ್ಮಲ್ಲೂ ಈಗ ಹಂಗೇ” ಎಂದ ಹುಡುಗ. ಅವನ ಮೇನ್‌ಫ್ರೇಮ್ ನಡೆಸುವ ಜ಼ಡ್‌ಓಎಸ್‌ನ ಯೂನಿಕ್ಸ್ ಭಾಗದಲ್ಲಿ ಯುಐಡಿ, ಎಂದರೆ ಬಳಕೆದಾರನ ಸಂಖ್ಯೆ, ಸೊನ್ನೆಯಾದ ಸೂಪರ್‌ಯೂಸರ್‌ಗೆ ತಡೆಯೇ ಇಲ್ಲವಂತೆ. ಹಟಹಿಡಿದು ನಿಂತ ಒಂದು ಪ್ರೋಸೆಸ್ ಕೊಲ್ಲಲಿಕ್ಕೂ ಆ ಸೊನ್ನೆಯನ್ನೇ ಕೊಟ್ಟರೆ, ಉಗ್ರಾಣದ ಬೀಗಕ್ಕೆಂದು ಇಡೀ ಮನೆಯ ಕೀಲಿಗೊಂಚಲು ಕೊಟ್ಟ ಹಾಗೆ. ಅದಕ್ಕೇ ಐಬಿಎಂ 1976ರಲ್ಲಿ ಹೊರತಂದ ರ‍್ಯಾಕ್‌ಎಫ್ ಎಂಬ ಕಾವಲು ತಂತ್ರಾಂಶದಲ್ಲಿ ಆಮೇಲೆ ‘ಯೂನಿಕ್ಸ್‌ಪ್ರಿವ್’ ಎಂಬ ವರ್ಗ ಸೇರಿ, ಗೊಂಚಲು ಬಿಚ್ಚಿ ಒಂದೊಂದೇ ಕೀಲಿ ಕೊಡುವುದು ಸಾಧ್ಯವಾಯಿತು. ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದ: ಸೂಪರ್‌ಯೂಸರ್.ಫೈಲ್‌ಸಿಸ್.ಮೌಂಟ್, ಸೂಪರ್‌ಯೂಸರ್.ಪ್ರೋಸೆಸ್.ಕಿಲ್. ಬರೀ ಸೂಪರ್‌ಯೂಸರ್.ಫೈಲ್‌ಸಿಸ್ ಕೊಟ್ಟರೂ ‘ರೀಡ್’ ಮಟ್ಟದಲ್ಲಾದರೆ ಯಾರ ಕಡತವನ್ನಾದರೂ ಓದಬಹುದು, ಅಷ್ಟೇ. ತಿದ್ದಬೇಕಾದರೆ ‘ಅಪ್‌ಡೇಟ್’ ಬೇಕು.

ನನ್ನ ಕಣ್ಣು ಆ ಚುಕ್ಕಿಗಳ ಮೇಲೇ. ಕನ್ನಡ ಬೇಲಿಯನ್ನು ಮೊದಲು ಹಾಕಿ ಹಿರಿತನವನ್ನು ಆಮೇಲೆ ಹೇಳುತ್ತದೆ. ಯಂತ್ರ ಹಿರಿತನವನ್ನು ಮೊದಲು ಸಾರಿ, ಚುಕ್ಕಿಗೊಂದರಂತೆ ಅದನ್ನು ಕಿರಿದು ಮಾಡುತ್ತ ಹೋಗುತ್ತದೆ.

“ನನಗೆ ಕೊಟ್ಟಿರೋದು ಕಿಲ್ ಒಂದೇ. ಹಂಗಾದ್ರೆ ನಾನು ಕಿಲ್ವೆರ್ಗಡೆ” ಎಂದು ಲೋಟ ಕೆಳಗಿಟ್ಟ. ಮೆಲ್ವಾತಿನಲ್ಲಿ ಮಕಾರಕ್ಕೆ ಆದಂತೆಯೇ ಇಲ್ಲಿ ಲಕಾರದ ಮುಂದೆ ಪಕಾರ ವಕಾರವಾಗಿತ್ತು. ತಿದ್ದಲು ನನಗೇನೂ ಉಳಿದಿರಲಿಲ್ಲ.