ಡ್ರೈವರ್ ಇಲ್ಲದ ಕಾರು ಗುದ್ದಿದ್ರೆ ಕೇಸು ಯಾರ ಮೇಲೆ?

2025ರ ಅಕ್ಟೋಬರ್‌ನಲ್ಲಿ ಆ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಕಾರು ತಾನೇ ಓಡ್ತಿದೆ, ಸ್ಟೇರಿಂಗ್ ಹಿಡಿದೋರಿಲ್ಲ. ಕಾಲೇಜು, ವಿಪ್ರೋ, ಐಐಎಸ್‌ಸಿ ಸೇರಿ ಮಾಡಿದ ಕಾರು. ನಮ್ಮ ನಲ್ಲೂರಿನ ಗ್ರೂಪಲ್ಲಿ ಬಂದ ಮೊದಲ ಪ್ರಶ್ನೆ: "ಇದು ಗುದ್ದಿದ್ರೆ ಪೊಲೀಸ್ನೋರು ಯಾರನ್ನ ಹಿಡೀತಾರೆ?"

ತಮಾಷೆ ಅಲ್ಲ ಇದು. ಗಾಡಿ ಬಂದಾಗೆಲ್ಲ ಕಾನೂನು ಮೊದಲು ಹುಡುಕಿದ್ದು ಒಬ್ಬ ಮನುಷ್ಯನನ್ನೇ. ಬ್ರಿಟನ್ನಿನ 1865ರ ಕಾಯ್ದೆ ಪ್ರಕಾರ, ಉಗಿ ಗಾಡಿ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೀಬೇಕಿತ್ತು. ಬ್ರಿಟಿಷ್ ಇಂಡಿಯಾಕ್ಕೆ 1914ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು, ಆಮೇಲೆ 1939ರದ್ದು. (ನಮ್ಮ ಚನ್ನಗಿರಿ ಆಗ ಮೈಸೂರು ಸಂಸ್ಥಾನದ್ದು, ಆ ಲೆಕ್ಕವೇ ಬೇರೆ.) ಈಗಿರೋದು 1988ರ ಕಾಯ್ದೆ. ಲೈಸೆನ್ಸು, ದಂಡ, ಕುಡಿದು ಓಡಿಸಿದ ಕೇಸು, ಎಲ್ಲಾ ಡ್ರೈವರ್ ತಲೆ ಮೇಲೆ.

2019ರ ತಿದ್ದುಪಡಿಯಲ್ಲಿ 2ಬಿ ಅಂತ ಒಂದು ಸೆಕ್ಷನ್ ಸೇರಿಸಿದ್ರು. ಸಂಶೋಧನೆ, ಹೊಸ ಆವಿಷ್ಕಾರಕ್ಕೆ ಅಂತ ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರ್ಕಾರ ಈ ಕಾಯ್ದೆಯಿಂದ ವಿನಾಯಿತಿ ಕೊಡಬಹುದು. ಅಂದ್ರೆ ಟೆಸ್ಟ್ ಮಾಡೋಕೆ ಬಾಗಿಲಿದೆ.

"ಮೆಟ್ರೋ ಡ್ರೈವರ್ ಇಲ್ಲದೇ ಓಡುತ್ತಲ್ಲ?" ಅಂತೀರಾ. 2025ರ ಆಗಸ್ಟ್ 10ಕ್ಕೆ ಶುರುವಾದ ಹಳದಿ ಮಾರ್ಗದ ರೈಲುಗಳಿಗೆ ಆ ತಾಕತ್ತಿದೆ. ಆದ್ರೂ ಮೊದಲು ಓಡಿದ್ದು ಚಾಲಕರನ್ನ ಕೂರಿಸಿಕೊಂಡೇ. ಮೊದಲ ರೈಲು ಹೆಬ್ಬಗೋಡಿ ಡಿಪೋಗೆ ಬಂದಿದ್ದು 2024ರ ಫೆಬ್ರವರಿಯಲ್ಲಿ, ಪರೀಕ್ಷೆಗಳು ಮುಗಿದು ಜನ ಹತ್ತೋಕೆ ಸುಮಾರು ಒಂದೂವರೆ ವರ್ಷ ಹಿಡೀತು. ಅದೂ ಎತ್ತರದಲ್ಲಿರೋ ಹಳಿ, ಅಡ್ಡ ಬರೋರಿಲ್ಲ. ನಮ್ಮೂರ ಕಡೆ ರಸ್ತೆ ಮೇಲೇ ಮೆಕ್ಕೆಜೋಳ ಒಣಗ್ತಿರುತ್ತೆ, ಎಮ್ಮೆ ಮಲಗಿರುತ್ತೆ.

ಕಾಮರ್ಸ್ ಓದಿದವನಿಗೆ ಮೊದಲು ಹೊಳೆಯೋದು ದುಡ್ಡಿನ ವಿಷಯ, ಅದಕ್ಕೆ ದಾರಿ ಇದೆ. ಸೆಕ್ಷನ್ 164ರಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡೋದೇ ಬೇಡ: ಸಾವಾದ್ರೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ, ಮಾಲೀಕ ಅಥವಾ ವಿಮಾ ಕಂಪನಿ ಕೊಡಬೇಕು.

ನನಗೆ ಚಿಂತೆ ಸೆಕ್ಷನ್ 134ರದ್ದು. ಅಪಘಾತವಾದ್ರೆ ಡ್ರೈವರ್, ಇಲ್ಲವೇ ಗಾಡಿಯ ಜವಾಬ್ದಾರಿ ಹೊತ್ತವರು, ಗಾಯಾಳುವನ್ನ ಹತ್ತಿರದ ಆಸ್ಪತ್ರೆಗೆ ಸೇರಿಸೋಕೆ ಕೈಲಾದ್ದೆಲ್ಲ ಮಾಡಬೇಕು. ಜನ ಸಿಟ್ಟಿಗೆದ್ದು ಮೇಲೆ ಬೀಳೋ ಹಾಗಿದ್ರೆ, ಇಲ್ಲವೇ ಕೈಮೀರಿದ ಬೇರೆ ಕಾರಣವಿದ್ರೆ ವಿನಾಯಿತಿ, ಅದನ್ನೂ ಕಾಯ್ದೆ ಬರೆದಿಟ್ಟಿದೆ. ಖಾಲಿ ಕಾರಿನಲ್ಲಿ ಆ ಜವಾಬ್ದಾರಿ ಹೊತ್ತವರು ಯಾರು? ಮನೆಯಲ್ಲಿ ಮಲಗಿರೋ ಓನರಾ? ಎಲ್ಲೋ ಸ್ಕ್ರೀನ್ ಮುಂದೆ ಕೂತಿರೋ ಕಂಪನಿಯೋರಾ? ರಾತ್ರಿ ನಲ್ಲೂರಿನ ರಸ್ತೆಯಲ್ಲಿ ಬಿದ್ದವರನ್ನ ಎತ್ತಿ ಚನ್ನಗಿರಿ ಆಸ್ಪತ್ರೆಗೆ ಮುಟ್ಟಿಸೋಕೆ ಇವರಿಬ್ಬರೂ ಅಲ್ಲಿರಲ್ಲ.